ಸಭೆಯ ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾಕೆ ಬಿಟ್ಟು ಹೋಗುತ್ತಾರೆ?

ಪ್ರಶ್ನೆ: ಬೆಂಗಳೂರಿನ ಪೀಣ್ಯದ ಹತ್ತಿರ ನಮ್ಮದೊಂದು ಮಹಿಳೆಯರ ಸಂಘ ಇದೆ. ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸ ಮಾಡುವವರು ಸೇರಿ ತಿಂಗಳಿಗೆ ಎರಡು ಭಾನುವಾರ ಸಭೆ ಮಾಡುತ್ತೇವೆ. ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಹದಿನೈದು ಇಪ್ಪತ್ತು ಮಕ್ಕಳನ್ನು ಕಾಲೇಜು ಹುಡುಗಿಯರು, ನಮ್ಮದೇ ಒಬ್ಬಿಬ್ಬರು ಸದಸ್ಯೆಯರು ನೋಡಿಕೊಳ್ಳುತ್ತಾರೆ. ಯಾರಿಗೂ ದುಡ್ಡು ಕೊಡುವುದಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಎಲ್ಲರೂ ಬಿಟ್ಟು ಹೋಗುತ್ತಾರೆ. ಹೋದ ತಿಂಗಳು ಒಂದು ಮಗು ಬಿದ್ದು ಹಣೆಗೆ ಪೆಟ್ಟಾಯಿತು. ತಾಯಿ ಎಲ್ಲರ ಮುಂದೆ ಕೂಗಾಡಿದರು. ನೋಡಿಕೊಳ್ಳುತ್ತಿದ್ದ ಹುಡುಗಿ ಅಳುತ್ತಾ ಹೋದವಳು ಮತ್ತೆ ಬರಲಿಲ್ಲ. ಆ ತಾಯಿಯೂ ಬರುತ್ತಿಲ್ಲ. ನಮಗೆ ಇಬ್ಬರೂ ಬೇಕು. ಏನು ಮಾಡಬೇಕು?

ಉತ್ತರ: ಪೆಟ್ಟಿನ ವಿಷಯದಿಂದಲೇ ಶುರು ಮಾಡೋಣ. ಅದು ಈ ವಾರವೇ ಆಗಬೇಕಾದ ಕೆಲಸ. ನಿಮ್ಮ ಸಂಘದ ಅಧ್ಯಕ್ಷೆ, ಜೊತೆಗೆ ಇನ್ನೊಬ್ಬ ಹಿರಿಯ ಸದಸ್ಯೆ, ಮೊದಲು ಆ ತಾಯಿಯ ಮನೆಗೆ ಹೋಗಿ. ಆಮೇಲೆ ಆ ಹುಡುಗಿಯ ಮನೆಗೋ ಹಾಸ್ಟೆಲ್‌ಗೋ ಹೋಗಿ. ಫೋನಿನಲ್ಲಿ ಮುಗಿಸಬೇಡಿ. ಇಬ್ಬರನ್ನೂ ಎದುರುಬದುರು ಕೂರಿಸಿ ಪಂಚಾಯಿತಿ ಮಾಡುವುದೂ ಬೇಡ. ಇಬ್ಬರಿಗೂ ಹೇಳಬೇಕಾದ ಮಾತು ಒಂದೇ: ಆ ಕೋಣೆಯಲ್ಲಿ ಏನೇ ಆದರೂ ಹೊಣೆ ಸಂಘದ್ದು. ಆಸ್ಪತ್ರೆಗೆ ಖರ್ಚಾಗಿದ್ದರೆ ಸಂಘ ಕೊಡುತ್ತದೆ ಎಂದು ತಾಯಿಗೆ ಹೇಳಿ. ಮಗು ಬಿದ್ದಿದ್ದಕ್ಕೆ ಅವಳೊಬ್ಬಳನ್ನೇ ಹೊಣೆ ಮಾಡುವುದಿಲ್ಲ ಎಂದು ಹುಡುಗಿಗೆ ಹೇಳಿ. ಮುಂದಿನ ಸಭೆಯಲ್ಲಿ ಎಲ್ಲರೆದುರು ಇದೇ ಮಾತನ್ನು ಇನ್ನೊಮ್ಮೆ ಹೇಳಿ. ಕೂಗಾಟ ಎಲ್ಲರೆದುರು ನಡೆದಿದೆ, ಆದ್ದರಿಂದ ಇದೂ ಎಲ್ಲರೆದುರೇ ಆಗಬೇಕು.

ಆ ತಾಯಿಯ ಸಿಟ್ಟನ್ನು ಬರೀ ಸಿಟ್ಟು ಅಂದುಕೊಳ್ಳಬೇಡಿ. ವಾರದ ಆರು ದಿನ ಮಗುವನ್ನು ಪಕ್ಕದ ಮನೆಯವರ ಹತ್ತಿರವೋ ಅಜ್ಜಿಯ ಹತ್ತಿರವೋ ಬಿಟ್ಟು, ಲೈನಿನಲ್ಲಿ ಟಾರ್ಗೆಟ್ ಮುಗಿಸುತ್ತಾ, ಮಗುವಿಗೆ ಏನಾಯಿತೋ ಎಂದು ಒಳಗೊಳಗೇ ಹೆದರುತ್ತಾ ಇರುವವರು ಅವರು. ಆರು ದಿನದ ಹೆದರಿಕೆ ಭಾನುವಾರ ಹೊರಗೆ ಬಂತು. ಆ ಹುಡುಗಿಯ ಕಡೆಯಿಂದಲೂ ನೋಡಿ. ಮಗು ಬಿದ್ದರೆ ಮೊದಲು ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂದು ಅವಳಿಗೆ ಯಾರಾದರೂ ಹೇಳಿಕೊಟ್ಟಿದ್ದರಾ? ಆ ಹೊತ್ತಿನಲ್ಲಿ ಕೋಣೆಯಲ್ಲಿ ಎಷ್ಟು ಜನ ದೊಡ್ಡವರಿದ್ದರು? ನೀವು ಬರೆದಿಲ್ಲ. ಆದರೆ ಇಂಥ ಕಡೆಗಳಲ್ಲಿ ನಾನು ನೋಡಿದ ಹಾಗೆ, ಒಬ್ಬಳು ಚಿಕ್ಕ ಮಗುವನ್ನು ಬಚ್ಚಲಿಗೆ ಕರೆದುಕೊಂಡು ಹೋಗಿರುತ್ತಾಳೆ, ಇನ್ನೊಬ್ಬಳು ಅವತ್ತು ಬಂದಿರುವುದಿಲ್ಲ, ಉಳಿದ ಒಬ್ಬಳ ಕೈಯಲ್ಲಿ ಹತ್ತು ಹನ್ನೆರಡು ಮಕ್ಕಳಿರುತ್ತಾರೆ. ಆ ಏರ್ಪಾಡು ಸರಿ ಇದೆಯಾ ಎಂದು ನೋಡಬೇಕಾದದ್ದು ಸಮಿತಿ, ಆ ಹುಡುಗಿ ಅಲ್ಲ.

ಮಗು ತಲೆಗೆ ಪೆಟ್ಟು ಮಾಡಿಕೊಂಡಾಗ ಏನು ಮಾಡಬೇಕು ಎನ್ನುವುದನ್ನು ಗೋಡೆಗೇ ಬರೆದು ಅಂಟಿಸಿ. ಒದ್ದೆ ಬಟ್ಟೆ ಒತ್ತಿ ಹಿಡಿಯುವುದು. ತಾಯಿಗೆ ಆ ಕ್ಷಣವೇ ಹೇಳುವುದು, ಸಭೆ ಮುಗಿಯಲಿ ಎಂದು ಕಾಯುವುದಲ್ಲ. ಮಗು ವಾಂತಿ ಮಾಡಿದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಫಿಟ್ಸ್ ಬಂದರೆ, ಸ್ವಲ್ಪ ಹೊತ್ತು ಎಚ್ಚರ ತಪ್ಪಿದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಬಂದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗುವುದು. ಒಂದು ವರ್ಷದೊಳಗಿನ ಕೂಸಾದರೆ ಏನೂ ಕಾಣದಿದ್ದರೂ ಡಾಕ್ಟರಿಗೆ ತೋರಿಸುವುದು. ಒಂದು ನೋಟ್‌ಬುಕ್ಕಿನಲ್ಲಿ ಎಷ್ಟು ಹೊತ್ತಿಗೆ, ಹೇಗೆ ಬಿತ್ತು, ಏನು ಮಾಡಿದೆವು ಎಂದು ಎರಡು ಸಾಲು ಬರೆದಿಡುವುದು. ತಾಯಿಯ ಜೊತೆ ಮಾತಾಡುವ ಕೆಲಸ ಸಂಘದ ಕಾರ್ಯದರ್ಶಿಯದ್ದು. ಈ ಒಂದು ಸಾಲು ಇದ್ದಿದ್ದರೆ ಆ ಹುಡುಗಿ ಅವತ್ತು ಅಳುತ್ತಾ ಹೋಗುತ್ತಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ: ಯಾಕೆ ಎಲ್ಲರೂ ಬಿಟ್ಟು ಹೋಗುತ್ತಾರೆ? ಮಕ್ಕಳ ಗಲಾಟೆಗೆ ಬೇಸತ್ತು ಹೋಗುವವರು ಕಡಿಮೆ. ಸಂಘ ತಮ್ಮನ್ನು ಮರೆತಿದೆ ಎಂದು ಅನ್ನಿಸಿ ಹೋಗುವವರೇ ಜಾಸ್ತಿ. ಗೋಡೆಯ ಆ ಕಡೆ ನ್ಯಾಯದ ಮಾತು ನಡೆಯುತ್ತದೆ, ನಿರ್ಧಾರ ಆಗುತ್ತದೆ, ಚಪ್ಪಾಳೆ ಬೀಳುತ್ತದೆ. ಈ ಕಡೆ ಇರುವವರಿಗೆ ಏನು ಮಾತಾಡಿದರು ಎಂದೂ ಗೊತ್ತಾಗುವುದಿಲ್ಲ. ಹನ್ನೆರಡಕ್ಕೆ ಮುಗಿಯುತ್ತದೆ ಎಂದ ಸಭೆ ಒಂದೂವರೆಗೆ ಮುಗಿಯುತ್ತದೆ. ಮಕ್ಕಳು ಹಸಿವಿನಿಂದ ಅಳುತ್ತಿರುತ್ತಾರೆ. ಕೊನೆಗೆ ವಂದನಾರ್ಪಣೆಯಲ್ಲಿ ಮೈಕ್‌ನವರ ಹೆಸರು ಬರುತ್ತದೆ, ಇವರ ಹೆಸರು ಬರುವುದಿಲ್ಲ. ಹೀಗೇ ನಾಲ್ಕು ಭಾನುವಾರ ಕಳೆದರೆ ಯಾರಿಗೆ ತಾನೇ ಬರಬೇಕು ಅನ್ನಿಸುತ್ತದೆ?

ಹಾಗಾಗಿ ನನ್ನ ಮೊದಲ ಸಲಹೆ ಆಟಿಕೆ ತರುವುದಲ್ಲ, ತರಬೇತಿ ಕೊಡುವುದೂ ಅಲ್ಲ. ಮಕ್ಕಳ ಕೋಣೆಯನ್ನು ಸಂಘದ ಕೆಲಸ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಸಮಿತಿಯಲ್ಲಿ ಒಬ್ಬರಿಗೆ ಅದರ ಜವಾಬ್ದಾರಿ ಕೊಡಿ. ಪ್ರತಿ ಸಭೆಯ ಮೊದಲ ಐದು ನಿಮಿಷ ಆ ಕೋಣೆಯವರು ಮಾತಾಡಲಿ: ಇವತ್ತು ಎಷ್ಟು ಮಕ್ಕಳು, ಏನು ಬೇಕು, ಹೋದ ಸಲ ಏನಾಯಿತು. ಸಭೆಯ ಮಧ್ಯೆ ಕೋಣೆಯವರು ಬದಲಾಗಲಿ. ಮೊದಲರ್ಧ ಕೆಲವರು, ಉಳಿದರ್ಧ ಬೇರೆಯವರು. ಆಗ ಎಲ್ಲರಿಗೂ ಅರ್ಧ ಸಭೆಯಾದರೂ ಸಿಗುತ್ತದೆ. ಮತದಾನ, ಮುಷ್ಕರದ ತೀರ್ಮಾನದಂಥ ದೊಡ್ಡ ವಿಷಯ ಬಂದಾಗ ಕೋಣೆಯಲ್ಲಿರುವ ಸದಸ್ಯೆಯರ ಮಾತು ಕೇಳದೆ ತೀರ್ಮಾನ ಮಾಡಬೇಡಿ.

ಇದು ಹೊಸ ತಲೆನೋವೇನಲ್ಲ. 1970ರ ಫೆಬ್ರವರಿ ಕೊನೆಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ರಸ್ಕಿನ್ ಕಾಲೇಜಿನಲ್ಲಿ ಅಲ್ಲಿನ ಮಹಿಳಾ ವಿಮೋಚನಾ ಚಳವಳಿಯ ಮೊದಲ ರಾಷ್ಟ್ರೀಯ ಸಮಾವೇಶ ನಡೆಯಿತು. ನೂರಾರು ಹೆಂಗಸರು ಬಂದಿದ್ದರು. ಅವರ ಮಕ್ಕಳನ್ನು ನೋಡಿಕೊಂಡವರು ಗಂಡಸರು. ಹೆಸರಾಂತ ಚಿಂತಕ ಸ್ಟುವರ್ಟ್ ಹಾಲ್ ಕೂಡ ಅವರಲ್ಲಿ ಒಬ್ಬರು. ಆ ಸಮಾವೇಶದಿಂದ ಹೊರಬಂದ ನಾಲ್ಕು ಬೇಡಿಕೆಗಳಲ್ಲಿ ಒಂದು, ದಿನದ 24 ಗಂಟೆಯೂ ತೆರೆದಿರುವ ಉಚಿತ ಶಿಶುವಿಹಾರ. ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎನ್ನುವುದು ಅಲ್ಲಿ ಸಭೆಯ ವ್ಯವಸ್ಥೆಯೂ ಆಗಿತ್ತು, ಸಭೆಯ ವಿಷಯವೂ ಆಗಿತ್ತು. ನಿಮ್ಮಲ್ಲೂ ಹಾಗೇ ಆಗಬೇಕು ಎಂಬುದು ನನ್ನ ಆಸೆ.

ನಿಮ್ಮ ಪತ್ರದಲ್ಲಿ ಗಂಡಸರ ಸುದ್ದಿಯೇ ಇಲ್ಲ. ಸದಸ್ಯೆಯರ ಗಂಡಂದಿರು, ಅಣ್ಣ ತಮ್ಮಂದಿರು, ನಿಮ್ಮ ಹೋರಾಟಕ್ಕೆ ಬೆಂಬಲ ಕೊಡುವ ಬೇರೆ ಸಂಘಟನೆಗಳ ಗಂಡಸರು ಭಾನುವಾರ ಎಲ್ಲಿರುತ್ತಾರೆ? ವೇದಿಕೆ ಮೇಲೆ ಭಾಷಣ ಮಾಡಲು ಬರುವವರು ಒಂದು ಭಾನುವಾರ ಮಕ್ಕಳಿಗೆ ಬಾಳೆಹಣ್ಣು ಸುಲಿದು ಕೊಡಲು ಬರಲಿ. ನೇರವಾಗಿ ಕೇಳಿ, ದಿನ ಗೊತ್ತುಮಾಡಿ. ಸುಮ್ನೆ ‘ಯಾರಾದರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ಗಂಡಸರನ್ನು ಮಕ್ಕಳ ಹತ್ತಿರ ಬಿಡಲು ಕೆಲವು ತಾಯಂದಿರಿಗೆ ಅಳುಕು ಇರುತ್ತದೆ. ಆ ಅಳುಕನ್ನು ತಳ್ಳಿಹಾಕಬೇಡಿ. ಅದಕ್ಕೆ ಉತ್ತರ ಒಂದೇ. ಗಂಡಸಾಗಲಿ ಹೆಂಗಸಾಗಲಿ, ಹೊಸಬರಾಗಲಿ ಹಳಬರಾಗಲಿ, ಯಾವ ಒಬ್ಬ ದೊಡ್ಡವರೂ ಮುಚ್ಚಿದ ಬಾಗಿಲ ಹಿಂದೆ ಮಕ್ಕಳ ಜೊತೆ ಒಬ್ಬರೇ ಇರಬಾರದು.

ಈ ನಿಯಮದಲ್ಲಿ ಮಾತ್ರ ಸಡಿಲ ಬಿಡಬೇಡಿ. ಕೋಣೆಯಲ್ಲಿ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು. ಬಾಗಿಲು ತೆರೆದೇ ಇರಲಿ, ಚಿಕ್ಕವರು ಓಡಿ ಹೋಗದ ಹಾಗೆ ಅಡ್ಡಕ್ಕೆ ಒಂದು ಬೆಂಚು ಹಾಕಿ. ಹೊಸ ವಾಲಂಟಿಯರ್ ಮೊದಲ ಕೆಲವು ಸಲ ಹಳಬರ ಜೊತೆಗೇ ಇರಲಿ. ಮಕ್ಕಳ ಫೋಟೊ ತೆಗೆದು ಸ್ಟೇಟಸ್ ಹಾಕುವುದು ಪೂರ್ತಿ ಬೇಡ. ಸಂಘದ ಸಭೆಗೆ ಬರುವುದು ಗೊತ್ತಾದರೆ ಸೂಪರ್‌ವೈಸರ್ ಏನನ್ನುತ್ತಾನೋ ಎಂದು ಹೆದರುವ ತಾಯಂದಿರೂ ಇರುತ್ತಾರೆ, ಅಲ್ವಾ? ಬಾಗಿಲಲ್ಲಿ ಒಂದು ರಿಜಿಸ್ಟರ್ ಇಡಿ. ಮಗುವಿನ ಹೆಸರು, ವಯಸ್ಸು, ತಾಯಿಯ ಫೋನ್, ಅಲರ್ಜಿ ಅಥವಾ ಫಿಟ್ಸ್ ಇದೆಯಾ, ಯಾರು ಬಂದರೆ ಮಗುವನ್ನು ಕಳಿಸಬಹುದು. ಕೊನೆಯದು ಬಹಳ ಮುಖ್ಯ. ಗಂಡನ ಹೊಡೆತಕ್ಕೆ ಬೇರೆ ಬಂದಿರುವ ಹೆಂಗಸು ನಿಮ್ಮಲ್ಲಿದ್ದರೆ, ‘ಅಪ್ಪ ಬಂದಿದ್ದಾನೆ, ಕಳಿಸಿ’ ಎನ್ನುವ ಮಾತಿಗೆ ಹತ್ತೊಂಬತ್ತರ ಹುಡುಗಿ ಒಬ್ಬಳೇ ಉತ್ತರ ಕೊಡುವ ಹಾಗಾಗಬಾರದು.

ಮಗುವಿನ ಮೈಮೇಲೆ ಅನುಮಾನ ಬರುವ ಗುರುತು ಕಂಡರೆ, ಅಥವಾ ಮಗುವೇ ಏನಾದರೂ ಹೇಳಿದರೆ? ಲೈಂಗಿಕ ದೌರ್ಜನ್ಯದ ಸಂಗತಿಯಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ, ಆರು ತಿಂಗಳವರೆಗೆ ಜೈಲು ಆಗಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಆ ಕಾನೂನೇ ರಕ್ಷಣೆ ಕೊಡುತ್ತದೆ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ. ಇದನ್ನು ಪ್ರತಿ ವಾಲಂಟಿಯರ್‌ಗೂ ಮೊದಲ ದಿನವೇ ಹೇಳಿ. ‘ನಮ್ಮ ಸಂಘದ ಮಾನ ಹೋಗುತ್ತದೆ, ಒಳಗೇ ಸರಿಮಾಡೋಣ’ ಎನ್ನುವ ಮಾತು ನ್ಯಾಯಕ್ಕಾಗಿ ಹೋರಾಡುವ ಗುಂಪುಗಳಲ್ಲೂ ಬರುತ್ತದೆ. ಅದಕ್ಕೆ ಒಪ್ಪಬೇಡಿ.

ಎಷ್ಟು ಮಕ್ಕಳಿಗೆ ಎಷ್ಟು ಜನ ಬೇಕು? 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯ ನಂತರ ಕೇಂದ್ರ ಸರ್ಕಾರ ಶಿಶುಪಾಲನಾ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು, ಅದಕ್ಕಿಂತ ದೊಡ್ಡ ಇಪ್ಪತ್ತು ಮಕ್ಕಳಿಗೆ ಒಬ್ಬರು, ಜೊತೆಗೆ ಒಬ್ಬ ಸಹಾಯಕಿ ಎಂದಿದೆ. ಅದು ದಿನಾ ಬರುವ ಮಕ್ಕಳು, ತರಬೇತಿಯಾದ ಕೆಲಸಗಾರರು ಇರುವ ಜಾಗದ ಲೆಕ್ಕ. ತಿಂಗಳಿಗೆರಡು ಸಲ ಸೇರುವ ಕೋಣೆಗೆ ಇದು ಸಾಲದು. ಎರಡು ವರ್ಷದೊಳಗಿನ ಮೂವರಿಗೆ ಒಬ್ಬರು, ಅದಕ್ಕಿಂತ ದೊಡ್ಡವರಾದರೆ ಐದಾರು ಮಕ್ಕಳಿಗೆ ಒಬ್ಬರು ಇರಲಿ. ಅಷ್ಟು ಜನ ಬಂದಿಲ್ಲ ಅಂದರೆ ಸಭೆ ಶುರುವಾಗುವ ಮೊದಲೇ ಸಭೆಯಿಂದ ಎದ್ದು ಹೋಗುವವರು ಯಾರು ಎಂದು ತೀರ್ಮಾನವಾಗಬೇಕು. ಹಾಲು ಕುಡಿಯುವ ಕೂಸುಗಳು ತಾಯಿಯ ಮಡಿಲಲ್ಲೇ ಸಭೆಯಲ್ಲಿರಲಿ. ಕೂಸು ಅತ್ತರೆ ಮುಖ ಸಿಂಡರಿಸಬೇಡಿ. ಭಾಷಣಕಾರರು ಒಂದು ನಿಮಿಷ ನಿಲ್ಲಿಸಿದರೆ ಏನೂ ಆಗುವುದಿಲ್ಲ.

ಈಗ ದುಡ್ಡಿನ ಮಾತು. ನನಗೆ ಇಲ್ಲಿ ಗಟ್ಟಿ ಅಭಿಪ್ರಾಯ ಇದೆ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ದೇಶದ ಮೊದಲ 33 ಕಡೆಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಇತ್ತು. ಅಂದಿನಿಂದ ಅಂಗನವಾಡಿ ಅಕ್ಕಂದಿರಿಗೆ ಸಿಗುತ್ತಿರುವುದು ಸಂಬಳ ಅಲ್ಲ, ‘ಗೌರವಧನ’. ಸರ್ಕಾರದ ಲೆಕ್ಕದಲ್ಲಿ ಅವರು ಸ್ವಯಂ ಇಚ್ಛೆಯಿಂದ ಸೇವೆ ಮಾಡುವವರು. 2017ರ ಮಾರ್ಚ್‌ನಲ್ಲಿ ರಾಜ್ಯದ ಎಲ್ಲ ಕಡೆಯಿಂದ ಬಂದ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಬೆಂಗಳೂರಿನ ರಸ್ತೆಯಲ್ಲೇ ಹಗಲು ರಾತ್ರಿ ಕೂತು, ಅಲ್ಲೇ ಮಲಗಿ ಗೌರವಧನ ಹೆಚ್ಚಿಸಿ ಎಂದು ಕೇಳಬೇಕಾಯಿತು. ಅವರಿಗೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಮಗು ನೋಡಿಕೊಳ್ಳುವುದು ಹೆಂಗಸರ ಸಹಜ ಸೇವೆ, ಅದಕ್ಕೆ ಕೂಲಿ ಯಾಕೆ ಎಂಬ ಹಳೆಯ ನಂಬಿಕೆಯೇ ಇದರ ಬುಡ. ಆ ನಂಬಿಕೆಯ ವಿರುದ್ಧ ನಿಲ್ಲಬೇಕಾದ ನಿಮ್ಮ ಸಂಘ ತನ್ನ ಕೋಣೆಯಲ್ಲೇ ಅದನ್ನು ನಡೆಸಬಾರದು.

ಹಾಗಂತ ಎಲ್ಲರಿಗೂ ಸಂಬಳ ಕೊಡಿ ಎನ್ನುತ್ತಿಲ್ಲ. ನಿಮ್ಮ ಚಂದಾ ಎಷ್ಟಿರಬಹುದು ಎಂದು ನನಗೆ ಅಂದಾಜಿದೆ. ಆದರೆ ಯಾರೂ ಕೈಯಿಂದ ಖರ್ಚು ಮಾಡುವ ಹಾಗಾಗಬಾರದು. ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಸಾಮಾನ್ಯ ಬಸ್ಸು ಉಚಿತ. ಹೊರರಾಜ್ಯದಿಂದ ಓದಲು ಬಂದ ಹುಡುಗಿಗೆ ಅದಿಲ್ಲ, ಗಂಡು ಹುಡುಗರಿಗೂ ಇಲ್ಲ. ಅವರ ಬಸ್ ಚಾರ್ಜು, ಕತ್ತಲಾದರೆ ಆಟೊ, ಮಧ್ಯಾಹ್ನದ ಊಟ ಸಂಘದ ಖರ್ಚಿನಲ್ಲಿ ಬರಲಿ. ಅವರು ಕೇಳುವ ಮೊದಲೇ ಕೊಡಿ, ಕೇಳಲು ನಾಚಿಕೆ ಪಡುತ್ತಾರೆ. ನಿಮ್ಮದೇ ಸದಸ್ಯೆ ಭಾನುವಾರದ ಓವರ್‌ಟೈಮೋ ಇನ್ನೊಂದು ಮನೆಯ ಕೆಲಸವೋ ಬಿಟ್ಟು ಕೋಣೆಗೆ ಬರುತ್ತಿದ್ದರೆ, ಅಥವಾ ಒಬ್ಬರೇ ಪ್ರತಿ ಸಲ ಬರುತ್ತಿದ್ದರೆ, ಅವರಿಗೆ ಕೂಲಿ ಕೊಡಲೇಬೇಕು. ಅಷ್ಟು ದುಡ್ಡು ಇಲ್ಲವಾದರೆ ಬ್ಯಾನರ್, ಶಾಲು, ಹಾರದ ಖರ್ಚನ್ನು ನಿಲ್ಲಿಸಿ ನೋಡಿ.

ಕೋಣೆಯೊಳಗೆ ಕೆಲಸ ಹೇಗೆ ಹಂಚಿದೆ ಎಂದೂ ಗಮನಿಸಿ. ಕಾಲೇಜಿನಿಂದ ಬಂದವರು ಕಥೆ ಹೇಳುವುದು, ಬಣ್ಣ ಹಚ್ಚಿಸುವುದು, ನಿಮ್ಮ ಸಂಘದ ದಲಿತ ಸದಸ್ಯೆ ಮಾತ್ರ ಉಚ್ಚೆ ಒರೆಸುವುದು, ಪಾತ್ರೆ ತೊಳೆಯುವುದು. ಯಾರೂ ಬೇಕು ಎಂದು ಮಾಡದಿದ್ದರೂ ಇದು ತಾನಾಗಿ ಆಗಿಬಿಡುತ್ತದೆ. ಜಾತಿ ಹಾಗೆಯೇ ಕೆಲಸ ಮಾಡುವುದು. ಕೆಲಸದ ಪಟ್ಟಿ ಬರೆದು ಸರದಿ ಮಾಡಿ. ತಿಂಡಿ ಯಾರು ಮಾಡಿದ್ದು ಎಂದು ಯಾರಾದರೂ ಕೇಳಿದರೆ ಸಮಿತಿಯವರು ಅಲ್ಲಿಯೇ, ಆಗಲೇ, ಸಮಾಧಾನವಾಗಿ ಆದರೆ ಸ್ಪಷ್ಟವಾಗಿ ಉತ್ತರ ಕೊಡಬೇಕು. ಮಕ್ಕಳು ಎಲ್ಲವನ್ನೂ ನೋಡುತ್ತಿರುತ್ತಾರೆ.

ಆಟದ ವಿಷಯ ಹೆಚ್ಚು ಬರೆಯುವುದಿಲ್ಲ, ನಿಮ್ಮ ಹುಡುಗಿಯರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪೀಣ್ಯದ ಕಡೆ ಕನ್ನಡದ ಜೊತೆ ತೆಲುಗು, ತಮಿಳು, ಉರ್ದು, ಹಿಂದಿ, ಒಡಿಯಾ ಮಾತಾಡುವ ಮಕ್ಕಳಿರುತ್ತಾರೆ. ಮಾತು ಬೇಡದ ಆಟಗಳು ಅಲ್ಲಿ ಚೆನ್ನಾಗಿ ನಡೆಯುತ್ತವೆ: ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ, ಹಿಟ್ಟು ಕಲಸಿ ಗೊಂಬೆ ಮಾಡುವುದು. ನಾಲ್ಕು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಗಟ್ಟಿ ಚಿಕ್ಕಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಕ್ಕಳಿಗೆ ಫೋನ್ ಕೊಟ್ಟು ಕೂರಿಸುವುದೂ ಬೇಡ.

ತಾಯಂದಿರಿಗೆ ಏನು ಬೇಕು ಎಂದು ಅವರನ್ನೇ ಕೇಳಿದ್ದೀರಾ? ಕೇಳಿದರೆ ನೀವು ಅಂದುಕೊಳ್ಳದ ಉತ್ತರ ಬರಬಹುದು. ಒಬ್ಬರಿಗೆ ಸಭೆಯ ಹೊತ್ತೇ ಕಷ್ಟ, ಭಾನುವಾರ ಬೆಳಿಗ್ಗೆ ನೀರು ಬರುತ್ತದೆ, ವಾರದ ಬಟ್ಟೆ ಇರುತ್ತದೆ. ಇನ್ನೊಬ್ಬರ ಮಗನಿಗೆ ಮಾತು ಬರುವುದಿಲ್ಲ, ಗಲಾಟೆ ಕೇಳಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ‘ನೀವೇ ಬಂದು ಕೂತುಕೊಳ್ಳಿ ಅಕ್ಕ’ ಎಂದು ಹುಡುಗಿಯರು ಹೇಳಿರುತ್ತಾರೆ. ಆಮೇಲೆ ಆ ತಾಯಿ ಸಭೆಗೆ ಬರುವುದನ್ನೇ ಬಿಟ್ಟಿರುತ್ತಾರೆ. ಅಂಥ ಮಗುವಿಗೆ ಒಬ್ಬರನ್ನೇ ಗೊತ್ತುಮಾಡಿ. ಪ್ರತಿ ಸಲ ಅವರೇ ಬರಲಿ, ಸಭೆಗೆ ಮೊದಲು ಒಮ್ಮೆ ಆ ಮನೆಗೆ ಹೋಗಿ ಮಗುವಿನ ಜೊತೆ ಕೂತು ಬರಲಿ. ಜ್ವರ ಬಂದ ಮಗುವನ್ನು ಕೋಣೆಗೆ ಸೇರಿಸಿಕೊಳ್ಳಬಾರದು, ಅದು ಸರಿ. ಆದರೆ ಆ ತಾಯಿಗೆ ಸಭೆಯ ಸುದ್ದಿಯನ್ನು ಅವತ್ತೇ ಸಂಜೆ ಮನೆಗೆ ಹೋಗಿ ಹೇಳುವವರೊಬ್ಬರು ಇರಬೇಕು.

ಕೊನೆಯದಾಗಿ, ನಿಮ್ಮ ಕೋಣೆ ಎಷ್ಟೇ ಚೆನ್ನಾಗಿ ನಡೆದರೂ ಅದು ತಿಂಗಳಿಗೆ ಎರಡು ಭಾನುವಾರದ್ದು. ಉಳಿದ ದಿನಗಳ ಹೊಣೆ ಮಾಲೀಕರದ್ದು ಮತ್ತು ಸರ್ಕಾರದ್ದು. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಜಾಗ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆ, 1976ರಲ್ಲಿ ತಿದ್ದುಪಡಿಯಾದ ಮೇಲೆ, ಹೇಳಿತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಐವತ್ತು ಅಥವಾ ಹೆಚ್ಚು ನೌಕರರಿರುವ ಎಲ್ಲ ಕಡೆಗೂ ಅದನ್ನು ವಿಸ್ತರಿಸಿತು. ಮನೆಗೆಲಸದವರಿಗೆ ಇದರಲ್ಲಿ ಯಾವುದೂ ಸಿಗುವುದಿಲ್ಲ, ಅವರು ದುಡಿಯುವ ಜಾಗ ಬೇರೆಯವರ ಮನೆ. ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಇರುವುದು ಗ್ರಾಮ ಪಂಚಾಯಿತಿಗಳಲ್ಲಿ. ನಗರದ ಕೊಳೆಗೇರಿಯ ಮಕ್ಕಳಿಗೂ ಅಂಥದ್ದು ಬೇಕು ಎಂದು ಕೇಳಬಹುದಾದವರು ನೀವೇ. ಇಂಥ ಕೆಲಸ ಸಣ್ಣದಾಗಿ ಶುರುವಾದದ್ದೂ ಉಂಟು. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಗಾಂಧಿ ಜನ್ಮಶತಾಬ್ದಿಯ ಕಟ್ಟಡ ಕೆಲಸ ನಡೆಯುವಾಗ, ಕೂಲಿ ಹೆಂಗಸರ ಮಕ್ಕಳು ಬಿಸಿಲು ಧೂಳಿನಲ್ಲಿ ಬಿದ್ದಿರುವುದನ್ನು ಮೀರಾ ಮಹಾದೇವನ್ ನೋಡಿದರು. ಅಲ್ಲೇ ಒಂದು ಟೆಂಟಿನಲ್ಲಿ ಅವರು ಶುರು ಮಾಡಿದ ಕೆಲಸವೇ ಮುಂದೆ ಮೊಬೈಲ್ ಕ್ರೆಶಸ್ ಸಂಸ್ಥೆಯಾಯಿತು.

ಮಕ್ಕಳ ಕೋಣೆಯ ರಿಜಿಸ್ಟರ್ ಇದಕ್ಕೂ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಇನ್ನೆರಡು ಸಾಲು ಸೇರಿಸಿ. ತಾಯಿ ಕೆಲಸಕ್ಕೆ ಹೋದಾಗ ಮಗು ಯಾರ ಹತ್ತಿರ ಇರುತ್ತದೆ? ಅದಕ್ಕೆ ತಿಂಗಳಿಗೆ ಎಷ್ಟು ಖರ್ಚು? ಆರು ತಿಂಗಳು ಬರೆದರೆ ನಿಮ್ಮ ಸುತ್ತಮುತ್ತಲ ಬೀದಿಗಳಲ್ಲಿ ಎಷ್ಟು ಮಕ್ಕಳಿಗೆ, ಯಾವ ಹೊತ್ತಿನಲ್ಲಿ, ಎಲ್ಲಿ ಕೇಂದ್ರ ಬೇಕು ಎನ್ನುವ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ. ಹೆಸರು, ಫೋನ್ ನಂಬರ್ ತೆಗೆದು, ಲೆಕ್ಕ ಮಾತ್ರ ಬರೆದುಕೊಂಡು ಕಾರ್ಮಿಕ ಇಲಾಖೆಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಒಂದೊಂದು ಮನವಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಮನವಿ ಕೊಡಲು ಹೋಗುವಾಗ ಕೋಣೆಯ ಹುಡುಗಿಯರನ್ನೂ ಕರೆದುಕೊಂಡು ಹೋಗಿ. ಆ ಮಕ್ಕಳ ಬಗ್ಗೆ ಅಧಿಕಾರಿ ಏನೇ ಕೇಳಿದರೂ ಉತ್ತರ ಕೊಡಬಲ್ಲವರು ಅವರು.